ಅಲೆಗಳ ಎದುರು ಏಳು ಹೆಜ್ಜೆ

‘ಓಡಿಹೋದರು’ ಎಂಬುದು ನಮ್ಮಲ್ಲಿ ಇಂದಿಗೂ ದನಿ ತಗ್ಗಿಸಿ ಆಡುವ ಮಾತು. ಆದರೆ ನಮ್ಮ ಪುರಾಣದ ಹೆಣ್ಣುಮಗಳೊಬ್ಬಳು ಅದರ ಇಡೀ ಯೋಜನೆಯನ್ನೇ ಓಲೆಯಲ್ಲಿ ಬರೆದು ಕಳಿಸಿದ್ದಳು. ಆಕೆ ಭಾಗವತದ ದಶಮಸ್ಕಂಧದ ರುಕ್ಮಿಣಿ. ಅಣ್ಣ ರುಕ್ಮಿ ಅವಳನ್ನು ಶಿಶುಪಾಲನಿಗೆ ಕೊಡಲು ಹೊರಟಿದ್ದ. ಅವಳು ಬ್ರಾಹ್ಮಣನೊಬ್ಬನ ಕೈಯಲ್ಲಿ ಕೃಷ್ಣನಿಗೆ ಹೇಳಿ ಕಳಿಸಿದಳು: ಮದುವೆಯ ಹಿಂದಿನ ದಿನ ಕುಲದೇವತೆಯ ಯಾತ್ರೆ ಇದೆ, ಊರ ಹೊರಗಿನ ಗಿರಿಜೆಯ ಗುಡಿಗೆ ಬರುತ್ತೇನೆ, ಅಲ್ಲಿಂದ ಕರೆದುಕೊಂಡು ಹೋಗು, ಅಂತಃಪುರಕ್ಕೆ ನುಗ್ಗಿದರೆ ನನ್ನ ಬಂಧುಗಳು ಸಾಯುತ್ತಾರೆ. ದಿನ, ಸ್ಥಳ, ಎಚ್ಚರಿಕೆ ಎಲ್ಲವೂ ಅದರಲ್ಲಿದ್ದವು.

ಆ ರಥ ಹೋಗಿ ನಿಂತದ್ದು ಕಡಲ ದಂಡೆಯ ದ್ವಾರಕೆಯಲ್ಲಿ. ಅವರ ಮದುವೆ ನಡೆದದ್ದು ಗುಜರಾತಿನ ಪೋರಬಂದರ್ ಜಿಲ್ಲೆಯ ಮಾಧವಪುರದಲ್ಲಿ ಎಂಬುದು ಅಲ್ಲಿನ ಜನರ ನಂಬಿಕೆ. ಅದೂ ಕಡಲ ತೀರದ ಊರೇ. ಪ್ರತಿವರ್ಷ ರಾಮನವಮಿಯಿಂದ ಐದು ದಿನ ಅಲ್ಲಿ ಆ ಮದುವೆಯ ಜಾತ್ರೆ ನಡೆಯುತ್ತದೆ. ನಮ್ಮ ಉಡುಪಿಯ ಕೃಷ್ಣನೂ ದ್ವಾರಕೆಯಲ್ಲಿ ರುಕ್ಮಿಣಿ ಪೂಜಿಸಿದ ಮೂರ್ತಿಯೇ ಎಂಬ ಐತಿಹ್ಯವಿದೆ.

ಈಗ ಪಶ್ಚಿಮದ ದೇಶಗಳಲ್ಲಿ ಈ ಪದದ ಅರ್ಥವೇ ಬದಲಾಗಿದೆ. ಕದ್ದುಮುಚ್ಚಿ ಹೋಗುವುದಲ್ಲ, ಛತ್ರ, ವಾಲಗ, ಸಾವಿರ ಎಲೆ ಊಟ ಎಲ್ಲ ಬಿಟ್ಟು ನಾಲ್ಕೈದು ಜನರ ಎದುರು ಬೆಟ್ಟದಲ್ಲೋ ಕಡಲ ತೀರದಲ್ಲೋ ಮದುವೆಯಾಗುವುದು. ಸರಳ ವಿವಾಹ ನಮಗೇನೂ ಹೊಸತಲ್ಲ. ಕುವೆಂಪು ಅವರು ಮಂತ್ರ ಮಾಂಗಲ್ಯದ ದಾರಿ ತೋರಿದರು. 1966ರಲ್ಲಿ ಅವರ ಮಗ ತೇಜಸ್ವಿಯವರ ಮದುವೆ ಆ ರೀತಿಯಲ್ಲೇ ನಡೆಯಿತು. ಈಗ ಗೋಕರ್ಣದ ಕುಡ್ಲೆ ತೀರದಲ್ಲೋ, ಒಂದು ಕಡೆ ಕಡಲು ಇನ್ನೊಂದು ಕಡೆ ಸೌಪರ್ಣಿಕಾ ನದಿ ಇರುವ ಮರವಂತೆಯಲ್ಲೋ ಹಾರ ಬದಲಾಯಿಸಬೇಕೆಂದು ಆಸೆಪಡುವ ಯುವಜನರಿಗೆ ಕೆಲವು ಮಾತು ಹೇಳಬೇಕಾಗಿದೆ.

ಮೊದಲು ಕಾನೂನು

ವರನಿಗೆ 21, ವಧುವಿಗೆ 18 ತುಂಬಿರಬೇಕು. ಇಬ್ಬರದೂ ಬೇರೆ ಬೇರೆ ಧರ್ಮವಾಗಿದ್ದರೆ, ಅಥವಾ ಶಾಸ್ತ್ರಗಳೇ ಬೇಡವೆಂದಿದ್ದರೆ, 1954ರ ವಿಶೇಷ ವಿವಾಹ ಕಾಯಿದೆ ಇದೆ. ಆದರೆ ಇಲ್ಲೊಂದು ತೊಡಕು. ಇಬ್ಬರಲ್ಲಿ ಒಬ್ಬರಾದರೂ ಹಿಂದಿನ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೇ ನೋಟಿಸ್ ಕೊಡಬೇಕು. ಅದನ್ನು ಕಚೇರಿಯಲ್ಲಿ ಪ್ರಕಟಿಸುತ್ತಾರೆ, ಆಕ್ಷೇಪಣೆಗೆ 30 ದಿನ ಬಿಡುತ್ತಾರೆ. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮೂವರು ಸಾಕ್ಷಿಗಳ ಎದುರು ಮದುವೆ ಮುಗಿಯಬೇಕು. ಹಾಗಾಗಿ ಬೆಂಗಳೂರಿನವರು ಶುಕ್ರವಾರ ರಾತ್ರಿ ಬಸ್ಸು ಹತ್ತಿ ಶನಿವಾರ ಕುಮಟಾದಲ್ಲಿ ಸಹಿ ಹಾಕಲಾಗದು. ಸಹಿ ತಮ್ಮ ಊರಿನಲ್ಲಿ ಮಾಡಿ, ಮಾತು ಕೊಡುವುದನ್ನು ಕಡಲಿಗಿಟ್ಟುಕೊಳ್ಳುವುದು ಜಾಣತನ.

ಇಬ್ಬರೂ ಹಿಂದೂಗಳಾಗಿ, 1955ರ ಹಿಂದೂ ವಿವಾಹ ಕಾಯಿದೆಯಡಿ ಮದುವೆಯಾಗುವುದಾದರೆ ವಿಷಯ ತಿರುಗುಮುರುಗು. ಅಲ್ಲಿ ಶಾಸ್ತ್ರವೇ ಮುಖ್ಯ. ಸಪ್ತಪದಿ ಇರುವ ಪದ್ಧತಿಯಲ್ಲಿ ಏಳನೆಯ ಹೆಜ್ಜೆಗೆ ಮದುವೆ ಪೂರ್ಣ. ಶಾಸ್ತ್ರ ನಡೆಯದೆ ಬರೀ ಪ್ರಮಾಣಪತ್ರ ಪಡೆದರೆ ಮದುವೆಯಾಗದು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಏಳು ಹೆಜ್ಜೆಗಳನ್ನು ಮರಳಿನ ಮೇಲೂ ಇಡಬಹುದು. ಫೋಟೋ, ಸಾಕ್ಷಿಗಳ ವಿಳಾಸ ಇಟ್ಟುಕೊಂಡು ಆಮೇಲೆ ನೋಂದಣಿ ಮಾಡಿಸಬೇಕು.

ಚಂದ್ರನನ್ನೂ ಕೇಳಿ

ಮುಹೂರ್ತಕ್ಕೆ ಪಂಚಾಂಗ ನೋಡುತ್ತೀರಿ. ಕಡಲ ತೀರಕ್ಕೆ ಅದರ ತಿಥಿಯೇ ಬೇಕು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ, ಚಂದ್ರರ ಸೆಳೆತ ಒಂದುಗೂಡುವುದರಿಂದ ಉಬ್ಬರದ ನೀರು ಹೆಚ್ಚು ಮೇಲೇರುತ್ತದೆ, ಇಳಿತದಲ್ಲಿ ಹೆಚ್ಚು ಕೆಳಗಿಳಿಯುತ್ತದೆ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು. ಪ್ರತಿದಿನ ಈ ವೇಳೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಆದ್ದರಿಂದ ಇಂದು ಸಂಜೆ ಐದಕ್ಕೆ ಒಣಗಿದ್ದ ಮರಳಿನ ಮೇಲೆ ವಾರ ಬಿಟ್ಟು ಅದೇ ಹೊತ್ತಿಗೆ ಅಲೆ ಆಡುತ್ತಿರಬಹುದು. ತೀರ ನೋಡಿಬಂದ ದಿನದ ನೆನಪನ್ನು ನಂಬಬೇಡಿ, ಉಬ್ಬರವಿಳಿತದ ಪಟ್ಟಿ ನೋಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಚನೆಯೇ ಬೇಡ. ಮಳೆಗಾಲದ ಅರಬ್ಬೀ ಸಮುದ್ರ ಯಾರ ಮಾತನ್ನೂ ಕೇಳುವುದಿಲ್ಲ. ನವೆಂಬರ್ ಕೊನೆ ಚೆನ್ನ. ಗೋಕರ್ಣದಲ್ಲಿ ಆಗ ಸೂರ್ಯ ಮುಳುಗುವುದು ಸುಮಾರು ಆರು ಗಂಟೆಗೆ. ಡಿಸೆಂಬರ್ 21 ಅತಿ ಚಿಕ್ಕ ಹಗಲು, ಆದರೂ ಅತಿ ಬೇಗನೆ ಸೂರ್ಯ ಮುಳುಗುವುದು ಅದಕ್ಕಿಂತ ನಾಲ್ಕು ವಾರ ಮೊದಲೇ! ಮುಳುಗಿದ ಮೇಲೆ ಇಪ್ಪತ್ತು ನಿಮಿಷವಷ್ಟೇ ಒಳ್ಳೆಯ ಬೆಳಕು. ಸಂಜೆಯ ಕಡಲಗಾಳಿಗೆ ದೀಪ ನಿಲ್ಲದು; ಅಗ್ನಿಕುಂಡಕ್ಕೆ ಮೂರು ಕಡೆ ಮರೆ ಬೇಕು.

ಫೋಟೋಕ್ಕಾಗಿ ಸೀರೆ ಉಟ್ಟು ನೀರಿಗಿಳಿಯುವುದು ಮಾತ್ರ ಬೇಡ. ತೀರದಿಂದ ಒಳಕ್ಕೆ ಎಳೆಯುವ ಸೆಳವು ಮೇಲಿನಿಂದ ಶಾಂತವಾಗಿಯೇ ಕಾಣುತ್ತದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಮೇಷ್ಟರಾದ ನಮಗೆ ಅದು ಮರೆಯುವಂಥದ್ದಲ್ಲ.

ಮನೆಯವರಿಗೆ ಹೇಳುವುದು

ಪ್ರಾಪ್ತ ವಯಸ್ಕರಿಬ್ಬರು ಒಪ್ಪಿದ ಮೇಲೆ ಮನೆಯವರ, ಜಾತಿಯವರ ಅನುಮತಿ ಕಾನೂನಿಗೆ ಬೇಕಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಬೆದರಿಕೆ ಇರುವ ಜೋಡಿಗಳಿಗೆ ರಕ್ಷಣೆ ಕೊಡುವಂತೆ ಪೊಲೀಸರಿಗೂ ಸೂಚಿಸಿತು. ಪ್ರಾಣಭಯ ಇರುವ ಕಡೆ ಮೊದಲು ರಕ್ಷಣೆ ಕೇಳಿ, ಉಳಿದದ್ದು ಆಮೇಲೆ.

ಆದರೆ ಎಲ್ಲ ಮನೆಗಳಲ್ಲೂ ಕತ್ತಿ ಇರುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮದುವೆಗೆ ಸಾಕ್ಷಿಯಾಗಿ ಸಹಿ ಹಾಕಿದ್ದೇನೆ. ಖರ್ಚು ಬೇಡವೆಂಬುದಷ್ಟೇ ಅವನ ಹಟ, ಜಗಳವೇನೂ ಇರಲಿಲ್ಲ. ಆದರೂ ಅವನ ತಾಯಿಗೆ ಸುದ್ದಿ ಹೋದದ್ದು ಪಕ್ಕದ ಮನೆಯವರಿಂದ. ‘ಊಟ ಹಾಕಬೇಕಿತ್ತು ಅನ್ನಲಿಲ್ಲ ಮೇಷ್ಟ್ರೇ, ನನಗೊಂದು ಮಾತು ಹೇಳಬಾರದಿತ್ತೇ?’ ಎಂದರು ಆಕೆ. ನನ್ನ ಬಳಿ ಉತ್ತರವಿರಲಿಲ್ಲ.

ರುಕ್ಮಿಣಿಯ ಕತೆಯಲ್ಲಿ ಅಟ್ಟಿಸಿಕೊಂಡು ಬಂದ ಅಣ್ಣನನ್ನು ಕೊಲ್ಲಲು ಕೃಷ್ಣ ಕತ್ತಿ ಎತ್ತಿದಾಗ, ಅವಳು ಕಾಲು ಹಿಡಿದು ಅವನ ಪ್ರಾಣ ಉಳಿಸಿದಳು. ತನ್ನ ದಾರಿ ತಾನು ಹಿಡಿದವಳು ತೌರನ್ನು ಕತ್ತರಿಸಿಕೊಳ್ಳಲಿಲ್ಲ. ಕರೆಯುವವರು ನಾಲ್ಕೇ ಜನರಾಗಲಿ, ಚಿಂತೆಯಿಲ್ಲ. ಆ ನಾಲ್ವರಲ್ಲಿ ಇಬ್ಬರು ಅಮ್ಮಂದಿರಿಗೆ ಬಸ್ಸಿನಲ್ಲಿ ಸೀಟು ಹಿಡಿದಿಡಿ. ಬರುವುದು ಬಿಡುವುದು ಅವರಿಗೆ ಬಿಟ್ಟದ್ದು.