ಸಿಪಾಯಿಗೂ ಒಂದು ಅಕಾಡೆಮಿ

ಭಾರತೀಯ ಸೇನೆಯ ಸುಬೇದಾರರ ಹೆಗಲ ಮೇಲೆ ಎರಡು ನಕ್ಷತ್ರ. ಆಗತಾನೇ ಅಧಿಕಾರಿಯಾದ ಲೆಫ್ಟಿನೆಂಟ್ ಹೆಗಲ ಮೇಲೂ ಎರಡೇ. ಹತ್ತಿರ ಹೋಗಿ ನೋಡಿದರೆ ಸುಬೇದಾರರ ನಕ್ಷತ್ರಗಳ ಜೊತೆ ಕೆಂಪು-ಹಳದಿ-ಕೆಂಪು ಬಣ್ಣದ ಸಣ್ಣ ಪಟ್ಟಿಯೊಂದು ಕಾಣುತ್ತದೆ. ಸಿಪಾಯಿಯಾಗಿ ಸೇರಿ, ವರ್ಷಗಟ್ಟಲೆ ದುಡಿದು, ಮಕ್ಕಳು ಕಾಲೇಜಿಗೆ ಹೋಗುವ ಹೊತ್ತಿಗೆ ಅವರು ಆ ಪಟ್ಟಿಯವರೆಗೆ ಬಂದಿರುತ್ತಾರೆ. ಲೆಫ್ಟಿನೆಂಟ್‌ಗೆ ಇನ್ನೂ ಇಪ್ಪತ್ತೆರಡೋ ಇಪ್ಪತ್ಮೂರೋ. ಆದರೂ ಮೊದಲು ಸೆಲ್ಯೂಟ್ ಹೊಡೆಯುವವರು ಸುಬೇದಾರರೇ.

ಪಟ್ಟಿಯಿಲ್ಲದ ಆ ನಕ್ಷತ್ರಗಳನ್ನು ಸಿಪಾಯಿಯಾಗಿ ಸೇರಿದ ಹುಡುಗನೂ ಧರಿಸಬಹುದು. ಅದಕ್ಕೆಂದೇ ಸೇನೆಯೊಳಗೆ ಒಂದು ಸಂಸ್ಥೆಯಿದೆ. ಹೆಸರು ಆರ್ಮಿ ಕೆಡೆಟ್ ಕಾಲೇಜು. ಈಗ ಅದು ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯ ಒಂದು ವಿಭಾಗ. ಸೇನೆಯವರು ಎ.ಸಿ.ಸಿ. ಎನ್ನುತ್ತಾರೆ. ನಮ್ಮ ಕಡೆ ಈ ಹೆಸರು ಕಿವಿಗೆ ಬೀಳುವುದೇ ಅಪರೂಪ, ಅದಕ್ಕೇ ಈ ಲೇಖನ.

ನಮ್ಮ ಮೈಸೂರು ಸೀಮೆಯ ಬೀಚನಹಳ್ಳಿ ಎಂದರೆ ಹೊರಗಿನವರಿಗೆ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು. ಸುತ್ತಲ ಹಳ್ಳಿಗಳಲ್ಲಿ ಪಿಯುಸಿ ಮುಗಿಸಿದ ಹುಡುಗರಿಗೆ ಮುಂದಿನ ದಾರಿ ಯಾವುದೆಂಬುದು ಬೇರೆಯದೇ ಚಿಂತೆ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆ ಹೊಗೆಸೊಪ್ಪಿನ ಬ್ಯಾರನ್ನು, ಕೆ.ಆರ್. ನಗರದ ಕಡೆ ಭತ್ತದ ಗದ್ದೆ, ಅಲ್ಲಿಂದಾಚೆ ಮೈಸೂರಿನ ಕಾರ್ಖಾನೆ. ಇವುಗಳ ನಡುವೆ ಮಿಲ್ಟ್ರಿ ಎಂಬ ಮಾತು ಬಂದರೆ ಮನೆಯವರ ಮುಖ ಅರಳುತ್ತದೆ. 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದರೆ, ಹತ್ತು ಪುಲ್‌ಅಪ್ ಎಳೆದರೆ ಪೂರ್ತಿ ಅಂಕ, ಒಂಬತ್ತು ಅಡಿ ಹಳ್ಳ ಜಿಗಿಯಲೇಬೇಕು. ಇವಿಷ್ಟೂ ಗೊತ್ತು. ಆಯ್ಕೆಯಾದ ದಿನ ಊರಿಗೆ ಸಿಹಿ ಹಂಚುತ್ತಾರೆ. ಅಲ್ಲಿಗೆ ಮಗ ದಡ ಸೇರಿದ ಎಂದು ಎಲ್ಲರೂ ನೆಮ್ಮದಿಯ ಉಸಿರು ಬಿಡುತ್ತಾರೆ. ದಡ ಸೇರಿದ ಎನ್ನುವ ಈ ಭಾವನೆಯೇ ಅವನ ಮುಂದಿನ ಹತ್ತು ವರ್ಷಗಳನ್ನು ಕಟ್ಟಿಹಾಕುತ್ತದೆ ಎಂಬುದು ನನ್ನ ಸಂಕಟ.

ಸೇನೆಯ ಮೆಟ್ಟಿಲುಗಳನ್ನು ಒಮ್ಮೆ ನೋಡೋಣ. ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್. ತೋಳಿನ ಮೇಲೆ ಒಂದು, ಎರಡು, ಮೂರು ಎಂದು ಪಟ್ಟಿಗಳು ಕೂಡಿಕೊಳ್ಳುತ್ತವೆ. ಹವಾಲ್ದಾರ್ ಸುಮಾರು ಹತ್ತು ಜನರ ಸೆಕ್ಷನ್ನಿನ ಮುಖ್ಯಸ್ಥ. ಆಮೇಲೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಇವರನ್ನು ಜೂನಿಯರ್ ಕಮಿಷನ್ಡ್ ಆಫೀಸರ್ ಎಂದು ಕರೆದರೂ ಅಕಾಡೆಮಿಯಿಂದ ಬಂದ ಅಧಿಕಾರಿಗಳ ಸಾಲು ಬೇರೆಯೇ. ಪ್ರತಿ ಬಡ್ತಿಗೂ ಪರೀಕ್ಷೆ, ತರಬೇತಿ, ನಕ್ಷೆ ಓದುವ ಪಾಠ, ಜೊತೆಗೆ ಜಾಗ ಖಾಲಿಯಾಗುವವರೆಗೆ ಕಾಯುವ ತಾಳ್ಮೆ. ಈ ಮೆಟ್ಟಿಲುಗಳನ್ನು ಹತ್ತಿದವರ ಬಗ್ಗೆ ನನಗಿರುವ ಗೌರವ ದೊಡ್ಡದು. ಪಲ್ಟನ್ನಿಗೆ ಬಂದ ಎಳೆಯ ಲೆಫ್ಟಿನೆಂಟನಿಗೆ ನಿಜವಾದ ಗುರು ಅವನ ಪ್ಲಟೂನಿನ ಸುಬೇದಾರರೇ. ಅಧಿಕಾರಿಯೂ ಅವರನ್ನು ‘ಸಾಬ್’ ಎಂದೇ ಕರೆಯುತ್ತಾನೆ.

ಈ ಎರಡು ಸಾಲುಗಳು ಹುಟ್ಟಿದ್ದು ಬ್ರಿಟಿಷರ ಕಾಲದಲ್ಲಿ. ಭಾರತೀಯ ಸಿಪಾಯಿ ಎಷ್ಟೇ ಶೂರನಾದರೂ ವೈಸರಾಯ್ ಕಮಿಷನ್ನಿನ ಸುಬೇದಾರ್ ಮೇಜರ್ ಆಗುವಲ್ಲಿಗೆ ಅವನ ದಾರಿ ಮುಗಿಯುತ್ತಿತ್ತು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಪೂರ್ಣ ಅಧಿಕಾರಿಯ ಪದವಿಯಾದ ರಾಜನ ಕಮಿಷನ್ ಭಾರತೀಯರಿಗೂ ಸಿಗತೊಡಗಿತು. 1919ರಲ್ಲಿ ಇಂದೋರಿನ ಡೇಲಿ ಕಾಲೇಜಿನಿಂದ ಹೊರಬಂದ ಮೊದಲ ತಂಡದಲ್ಲಿ ಕೊಡಗಿನ ಕೆ.ಎಂ. ಕಾರ್ಯಪ್ಪ ಇದ್ದರು. 1932ರ ಅಕ್ಟೋಬರ್ 1ರಂದು ಡೆಹ್ರಾಡೂನಿನ ಅಕಾಡೆಮಿ ಶುರುವಾದಾಗ ಸೇರಿಕೊಂಡವರು 40 ಮಂದಿ. ಅವರಲ್ಲಿ 15 ಮಂದಿ ಬಹಿರಂಗ ಸ್ಪರ್ಧೆಯಿಂದ ಬಂದರು, 10 ಮಂದಿ ಸಂಸ್ಥಾನಗಳ ಪಡೆಗಳಿಂದ, ಉಳಿದ 15 ಮಂದಿ ಸೇನೆಯ ಒಳಗಿನಿಂದಲೇ.

ಡೆಹ್ರಾಡೂನಿನ ಆ ಮೊದಲ ತಂಡದಿಂದ ಮುಂದೆ ಮೂರು ದೇಶಗಳ ಸೇನಾ ಮುಖ್ಯಸ್ಥರು ಬಂದರು. ನಮ್ಮ ಸ್ಯಾಮ್ ಮಾಣೆಕ್‌ಶಾ ಎಲ್ಲರಿಗೂ ಗೊತ್ತು. ಇನ್ನಿಬ್ಬರು ಪಾಕಿಸ್ತಾನದ ಮಹಮ್ಮದ್ ಮೂಸಾ ಮತ್ತು ಬರ್ಮಾದ ಸ್ಮಿತ್ ಡನ್. ಈ ಇಬ್ಬರೂ ಸಾಮಾನ್ಯ ಸೈನಿಕರಾಗಿ ಸೇರಿ ಅಲ್ಲಿಂದ ಅಕಾಡೆಮಿಗೆ ಆಯ್ಕೆಯಾದವರು. ಬಂದೂಕು ಹೊತ್ತು ಪಹರೆ ನಿಂತವನಿಗೆ ಸೇನೆಯನ್ನೇ ನಡೆಸುವ ಯೋಗ್ಯತೆ ಇರಬಲ್ಲದು ಎಂಬುದಕ್ಕೆ ಆ ಮೊದಲ ತಂಡವೇ ಸಾಕ್ಷಿ.

ಸೈನಿಕರನ್ನು ಹೀಗೆ ಅಧಿಕಾರಿಗಿರಿಗೆ ಸಜ್ಜುಗೊಳಿಸಲು 1929ರಲ್ಲೇ ಈಗಿನ ಮಧ್ಯಪ್ರದೇಶದ ನೌಗಾಂವ್‌ನಲ್ಲಿ ಕಿಚನರ್ ಕಾಲೇಜು ಹುಟ್ಟಿತ್ತು. ಅದೇ ಜಾಗದಲ್ಲಿ 1960ರ ಮೇ 16ರಂದು ಆರ್ಮಿ ಕೆಡೆಟ್ ಕಾಲೇಜು ಆರಂಭವಾಯಿತು. ಉದ್ಘಾಟಿಸಿದವರು ಅಂದಿನ ಸೇನಾ ಮುಖ್ಯಸ್ಥ ಜನರಲ್ ಕೆ.ಎಸ್. ತಿಮ್ಮಯ್ಯ. ಪಿರಿಯಾಪಟ್ಟಣದಿಂದ ಕುಶಾಲನಗರ ದಾಟಿದರೆ ಸಿಗುವ ಕೊಡಗಿನ ಮಡಿಕೇರಿಯಲ್ಲಿ, ಕಾಫಿ ಬೆಳೆಗಾರರ ಮನೆಯಲ್ಲಿ ಹುಟ್ಟಿದವರು. ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತು 1926ರಲ್ಲಿ ಅಧಿಕಾರಿಯಾದ ಅವರು ಸಿಪಾಯಿಯಾಗಿ ಸೇರಿದವರಲ್ಲ. ಆದರೆ ಬರ್ಮಾದ ಕಾಡಿನಲ್ಲಿ ಕಾಲಾಳುಗಳ ಪಲ್ಟನ್ನನ್ನೂ ಬ್ರಿಗೇಡನ್ನೂ ನಡೆಸಿದವರು, 1948ರ ನವೆಂಬರಿನಲ್ಲಿ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದ ಸೇನಾನಿ. ಸಿಪಾಯಿಯ ತಾಕತ್ತನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಮ್ಮ ನೆರೆಯ ನೆಲದವರೇ ಉದ್ಘಾಟಿಸಿದ ಕಾಲೇಜಿನ ಹೆಸರು ನಮ್ಮ ಹುಡುಗರಿಗೆ ಗೊತ್ತಿರಲೇಬೇಕು ಎನಿಸುವುದು ಇದಕ್ಕೇ. ಕಾಲೇಜು ಮುಂದೆ ಪುಣೆಗೆ ಹೋಗಿ, 1977ರಲ್ಲಿ ಡೆಹ್ರಾಡೂನ್ ಸೇರಿತು.

ಸೇರುವ ದಾರಿ ಹೀಗಿದೆ. ಪಿಯುಸಿ ಪಾಸಾಗಿರಬೇಕು, ಸೇನೆಯಲ್ಲಿ ಕನಿಷ್ಠ ಎರಡು ವರ್ಷ ಸೇವೆ ಆಗಿರಬೇಕು, ವಯಸ್ಸು 20ರಿಂದ 27ರ ಒಳಗಿರಬೇಕು. ಪಲ್ಟನ್ನಿನ ಕಮಾಂಡಿಂಗ್ ಆಫೀಸರರ ಶಿಫಾರಸಿನ ಮೂಲಕ ಅರ್ಜಿ ಹೋಗುತ್ತದೆ. ಇಂಗ್ಲಿಷ್, ಸಾಮಾನ್ಯ ಜ್ಞಾನ, ಗಣಿತ, ವಿಜ್ಞಾನದ ಲಿಖಿತ ಪರೀಕ್ಷೆ. ಅದರಲ್ಲಿ ಗೆದ್ದವರಿಗೆ ಸರ್ವಿಸಸ್ ಸೆಲೆಕ್ಷನ್ ಬೋರ್ಡಿನ ಐದು ದಿನಗಳ ಪರೀಕ್ಷೆ. ಕಾಲೇಜಿನಿಂದ ನೇರ ಬರುವ ಅಭ್ಯರ್ಥಿಗಳಿಗೂ ಇವರಿಗೂ ಇಲ್ಲಿ ಅಳತೆಗೋಲು ಒಂದೇ. ಬೆಂಗಳೂರಿನಲ್ಲಿ ಇಂಥದೊಂದು ಕೇಂದ್ರವಿದೆ. ವಾಯುಪಡೆಯ ಆಯ್ಕೆ ಮಂಡಳಿಯೊಂದು ನಮ್ಮ ಮೈಸೂರಿನಲ್ಲೇ ಇದೆ, ಅಲ್ಲಿನ ಕ್ರಮವೂ ಹೆಚ್ಚುಕಡಿಮೆ ಇದೇ.

ಸಿಪಾಯಿಯ ಗಟ್ಟಿತನ ಮತ್ತು ತೊಡಕು ಎರಡೂ ಬಯಲಾಗುವುದು ಈ ಐದು ದಿನಗಳಲ್ಲಿ. ಮನಃಶಾಸ್ತ್ರದ ಪರೀಕ್ಷೆಯಲ್ಲಿ 60 ಪದಗಳು ಒಂದಾದ ಮೇಲೊಂದು ತೆರೆಯ ಮೇಲೆ ಬರುತ್ತವೆ. ಒಂದೊಂದಕ್ಕೂ 15 ಸೆಕೆಂಡ್, ಅಷ್ಟರಲ್ಲಿ ಮನಸ್ಸಿಗೆ ಹೊಳೆದ ವಾಕ್ಯ ಬರೆಯಬೇಕು. ಮಸುಕಾದ ಚಿತ್ರ ನೋಡಿ ನಾಲ್ಕು ನಿಮಿಷದಲ್ಲಿ ಕಥೆ ಕಟ್ಟಬೇಕು. ಯೋಚಿಸಿ ಒಪ್ಪ ಮಾಡಿ ಬರೆಯಲು ಬಿಡುವೇ ಇಲ್ಲದ್ದರಿಂದ ಒಳಗಿರುವ ಮನುಷ್ಯನೇ ಹೊರಗೆ ಬರುತ್ತಾನೆ.

ಮೈದಾನದಲ್ಲಿ ನಡೆಯುವ ಕಮಾಂಡ್ ಟಾಸ್ಕ್ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಂಬ, ಮರದ ದಿಮ್ಮಿ, ಕಲ್ಲುಕಟ್ಟೆಗಳಿಂದ ಮಾಡಿದ ಒಂದು ಅಡ್ಡಿ. ಕೆಲವು ಭಾಗಕ್ಕೆ ಬಣ್ಣ ಬಳಿದಿರುತ್ತಾರೆ, ಅದನ್ನು ಮುಟ್ಟುವಂತಿಲ್ಲ. ನೆಲಕ್ಕೂ ಕಾಲು ತಾಗಿಸುವಂತಿಲ್ಲ. ಕೈಯಲ್ಲೊಂದು ಹಲಗೆ, ಒಂದು ಬೊಂಬು, ಒಂದು ಹಗ್ಗ, ಜೊತೆಗೆ ದಾಟಿಸಬೇಕಾದ ಒಂದು ಹೊರೆ. ನೀನೇ ಕಮಾಂಡರ್, ಗುಂಪಿನಿಂದ ಇಬ್ಬರನ್ನು ಆರಿಸಿಕೋ ಎನ್ನುತ್ತಾರೆ ಪರೀಕ್ಷಕರು. ಸಿಪಾಯಿಗೆ ಹಗ್ಗದ ಗಂಟು ನೀರು ಕುಡಿದಷ್ಟು ಸಲೀಸು. ಹಲಗೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂಬುದು ಕಣ್ಣಳತೆಗೇ ತಿಳಿಯುತ್ತದೆ. ತೊಡಕು ಬರುವುದೂ ಇಲ್ಲೇ: ಎಲ್ಲವನ್ನೂ ತಾನೇ ಮಾಡಿಬಿಡುವ ಆತುರ. ವರ್ಷಗಟ್ಟಲೆ ಹೇಳಿದ್ದನ್ನು ಚೊಕ್ಕವಾಗಿ ಮಾಡಿಯೇ ಹೆಸರು ಪಡೆದವನು ಅವನು. ಪರೀಕ್ಷಕರು ಕಾಯುತ್ತಿರುವುದೋ, ಅವನು ಇಬ್ಬರಿಗೂ ಕೆಲಸ ಹಂಚುತ್ತಾನೆಯೇ, ಅವರಲ್ಲೊಬ್ಬ ತನಗಿಂತ ಒಳ್ಳೆಯ ಉಪಾಯ ಹೇಳಿದರೆ ಒಪ್ಪಿಕೊಳ್ಳುತ್ತಾನೆಯೇ, ಯೋಜನೆ ನಡುವೆ ಕೆಟ್ಟರೆ ಅವನ ದನಿ ಏರುತ್ತದೆಯೇ ಎಂಬುದನ್ನು ನೋಡಲು. ಹೊರೆ ಆಚೆ ದಡ ಮುಟ್ಟದಿದ್ದರೂ ಆಯ್ಕೆಯಾಗಬಹುದು, ಮುಟ್ಟಿಸಿಯೂ ಸೋಲಬಹುದು.

ಆಯ್ಕೆಯಾದವರಿಗೆ ಎ.ಸಿ.ಸಿ.ಯಲ್ಲಿ ಮೂರು ವರ್ಷ ಓದು. ಕಲಾ ಅಥವಾ ವಿಜ್ಞಾನದ ಪದವಿ, ಕೊಡುವುದು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ. ಪಿಯುಸಿಗೇ ಓದು ನಿಲ್ಲಿಸಿ ಸೇನಾ ನೇಮಕಾತಿಯ ರ್‍ಯಾಲಿಗೆ ಓಡಿದ ಹುಡುಗ ಸೇನೆಯ ಖರ್ಚಿನಲ್ಲೇ ಪದವೀಧರನಾಗುತ್ತಾನೆ. ಈ ಒಂದು ಮಾತಿಗಾದರೂ ನಮ್ಮ ಅಪ್ಪ ಅಮ್ಮಂದಿರು ಕಿವಿಗೊಡಬೇಕು. ಪದವಿ ಪ್ರದಾನ ನಡೆಯುವುದು ಅಕಾಡೆಮಿಯ ಖೇತ್ರಪಾಲ್ ಸಭಾಂಗಣದಲ್ಲಿ. ಆಮೇಲೆ ಅಕಾಡೆಮಿಯ ಮುಖ್ಯ ಅಂಗಳದಲ್ಲಿ ಒಂದು ವರ್ಷದ ಕಠಿಣ ತರಬೇತಿ. ಕೊನೆಗೆ ಚೆಟ್‌ವುಡ್ ಕಟ್ಟಡದ ಮುಂದಿನ ಪರೇಡ್, ‘ಅಂತಿಮ್ ಪಗ್’ ಎಂದು ಕರೆಯುವ ಕೊನೆಯ ಹೆಜ್ಜೆ. ಹೆಗಲ ಮೇಲಿನ ನಕ್ಷತ್ರಗಳ ಹೊದಿಕೆಯನ್ನು ತಂದೆ ತಾಯಿಯೇ ತೆಗೆಯುತ್ತಾರೆ.

ಖೇತ್ರಪಾಲ್ ಎಂದರೆ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್. 1971ರ ಡಿಸೆಂಬರ್ 16ರಂದು ಬಸಂತರ್ ಕಾಳಗದಲ್ಲಿ, 21ನೇ ವಯಸ್ಸಿಗೆ, ಟ್ಯಾಂಕಿನಲ್ಲೇ ಪ್ರಾಣ ಬಿಟ್ಟ ಪರಮವೀರ. ಅದೇ ಕಾಳಗದಲ್ಲಿ ಇನ್ನೊಂದು ಪರಮವೀರ ಚಕ್ರ ಬಂದದ್ದು 3 ಗ್ರೆನೇಡಿಯರ್ಸ್‌ನ ಮೇಜರ್ ಹೋಶಿಯಾರ್ ಸಿಂಗ್‌ಗೆ. ಹರಿಯಾಣದ ಸೋನಿಪತ್ ಕಡೆಯ ರೈತರ ಮಗ. 1957ರಲ್ಲಿ ಜಾಟ್ ರೆಜಿಮೆಂಟಿಗೆ ಸಿಪಾಯಿಯಾಗಿ ಸೇರಿ, 1963ರಲ್ಲಿ ಅಧಿಕಾರಿಯಾದವರು. ಜರ್ಪಾಲ್ ಎಂಬಲ್ಲಿ ಅವರ ಕಂಪನಿ ಹಿಡಿದ ನೆಲೆಯ ಮೇಲೆ ಶತ್ರುಗಳು ಮತ್ತೆ ಮತ್ತೆ ಎರಗಿದರು. ಗಾಯಗೊಂಡಿದ್ದರೂ ಮೇಜರ್ ಒಂದು ಕಂದಕದಿಂದ ಇನ್ನೊಂದಕ್ಕೆ ಹೋಗಿ ತಮ್ಮವರಿಗೆ ಧೈರ್ಯ ತುಂಬುತ್ತಿದ್ದರು. ಮೆಷಿನ್ ಗನ್ ನಡೆಸುತ್ತಿದ್ದವರು ಬಿದ್ದಾಗ ಆ ಗನ್ನಿನ ಹಿಂದೆ ತಾವೇ ಕೂತರು. ಯುದ್ಧ ನಿಲ್ಲುವವರೆಗೂ ಆಸ್ಪತ್ರೆಗೆ ಹೋಗಲು ಒಪ್ಪಲಿಲ್ಲ. ಶೌರ್ಯ ನೇರ ಆಯ್ಕೆಯ ಖೇತ್ರಪಾಲರದ್ದೂ ಅಷ್ಟೇ, ಸಿಪಾಯಿಯಾಗಿದ್ದ ಹೋಶಿಯಾರರದ್ದೂ ಅಷ್ಟೇ.

ಶೌರ್ಯಕ್ಕಿಂತ ದಿನನಿತ್ಯದ ನಾಯಕತ್ವದಲ್ಲಿ ಸಿಪಾಯಿಯಾಗಿದ್ದ ಅನುಭವ ಹೆಚ್ಚು ಕೆಲಸ ಮಾಡುತ್ತದೆ ಎಂದು ನನ್ನ ನಂಬಿಕೆ. ರಜೆಯನ್ನೇ ತೆಗೆದುಕೊಳ್ಳಿ. ಊರಲ್ಲಿ ಕೊಯ್ಲು, ತಂಗಿಯ ಮದುವೆ, ಅಪ್ಪನ ಆಪರೇಷನ್ ಎಂದು ಸಿಪಾಯಿ ಚೀಟಿ ಹಿಡಿದು ನಿಂತರೆ ಅದರಲ್ಲಿ ಎಷ್ಟು ನಿಜ, ಎಷ್ಟು ಸಂಕಟ ಎಂಬುದು ಆ ಸಾಲಿನಲ್ಲಿ ನಿಂತು ಬಂದ ಅಧಿಕಾರಿಗೆ ಕೂಡಲೇ ಗೊತ್ತಾಗುತ್ತದೆ. ನಡುರಾತ್ರಿಯ ಪಹರೆಯಲ್ಲಿ ಯಾವ ಹೊತ್ತಿಗೆ ಕಣ್ಣು ಎಳೆಯುತ್ತದೆ, ಒದ್ದೆ ಬೂಟು ಎರಡನೇ ದಿನ ಏನು ಮಾಡುತ್ತದೆ, ಸಿಪಾಯಿಗಳ ಅಡುಗೆಮನೆಯಾದ ಲಂಗರಿನಲ್ಲಿ ಅಡುಗೆ ಕೆಟ್ಟರೆ ಬ್ಯಾರಕ್ಕಿನ ಮಾತು ಯಾವ ಕಡೆ ತಿರುಗುತ್ತದೆ ಎಂಬುದನ್ನು ಅವನಿಗೆ ಯಾವ ಪುಸ್ತಕವೂ ಕಲಿಸಬೇಕಿಲ್ಲ. ಇಸ್ರೇಲಿನ ಸೇನೆಯಲ್ಲಿ ಅಧಿಕಾರಿಗಳೆಲ್ಲ ಮೊದಲು ಸೈನಿಕರಾಗಿಯೇ ಸೇರಬೇಕು, ಅವರಿಂದಲೇ ಆಯ್ಕೆ. ಆ ಕ್ರಮದ ಹಿಂದಿನ ವಿವೇಕ ನನಗೆ ಮೆಚ್ಚುಗೆಯಾಗುತ್ತದೆ.

ಕಷ್ಟಗಳನ್ನೂ ಹೇಳಬೇಕು. ನಿನ್ನೆ ಹೆಗಲ ಮೇಲೆ ಕೈ ಹಾಕಿ ಊಟ ಮಾಡಿದವರಂಥವರಿಗೇ ಇವತ್ತು ಆಜ್ಞೆ ಕೊಡಬೇಕು, ತಪ್ಪು ಮಾಡಿದರೆ ಶಿಕ್ಷೆಯನ್ನೂ ಕೊಡಬೇಕು. ಒಂದು ಕಡೆ ಸಲಿಗೆ ಹೆಚ್ಚಾಗುವ ಭಯ. ಇನ್ನೊಂದು ಕಡೆ, ಹಳೆಯದನ್ನು ಮರೆಸಲೆಂದೇ ಬೇಕಾದ್ದಕ್ಕಿಂತ ಬಿಗಿಯಾಗುವ ಅಪಾಯ. ವಯಸ್ಸಿನ ಲೆಕ್ಕವೂ ಇದೆ. 27ಕ್ಕೆ ಸೇರಿದವನು ಲೆಫ್ಟಿನೆಂಟ್ ಆಗುವಾಗ 31. ಎರಡು ವರ್ಷಕ್ಕೆ ಕ್ಯಾಪ್ಟನ್, ಆರಕ್ಕೆ ಮೇಜರ್, ಹದಿಮೂರಕ್ಕೆ ಲೆಫ್ಟಿನೆಂಟ್ ಕರ್ನಲ್. ಅಷ್ಟರಲ್ಲಿ 44 ತುಂಬಿರುತ್ತದೆ. ಕರ್ನಲ್‌ಗಳ ನಿವೃತ್ತಿ 54ಕ್ಕೆ. ಎತ್ತರದ ಹುದ್ದೆಗಳಿಗೆ ಉಳಿಯುವ ಕಾಲ ಕಡಿಮೆ. ಅದಕ್ಕೇ 21, 22ರಲ್ಲೇ ಪರೀಕ್ಷೆಗೆ ಕೂರಬೇಕು.

ವಯಸ್ಸು ಮೀರಿದವರಿಗೂ ದಾರಿ ಪೂರ್ತಿ ಮುಚ್ಚಿಲ್ಲ. 28ರಿಂದ 35ರವರೆಗಿನವರಿಗೆ ಸ್ಪೆಷಲ್ ಕಮಿಷನ್ಡ್ ಆಫೀಸರ್ ಎಂಬ ಬೇರೆ ಆಯ್ಕೆಯಿದೆ. ಸೇವೆಯ ಕೊನೆಯಲ್ಲಿರುವ ಸುಬೇದಾರರಿಗೆ ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನಗಳಂದು ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಪದವಿ ಘೋಷಿಸುತ್ತಾರೆ. ಸಿಯಾಚಿನ್ನಿನಲ್ಲಿ ಕಾದಿದ ಬಾನಾ ಸಿಂಗ್, ಟೈಗರ್ ಹಿಲ್ಲಿನಲ್ಲಿ ಕಾದಿದ ಯೋಗೇಂದ್ರ ಸಿಂಗ್ ಯಾದವ್ ಗೌರವ ಕ್ಯಾಪ್ಟನ್ ಆಗಿ ನಿವೃತ್ತರಾದವರು.

2022ರಿಂದ ಸಿಪಾಯಿಗಳ ನೇಮಕಕ್ಕೆ ಅಗ್ನಿಪಥ ಯೋಜನೆ ಬಂದಿದೆ. ನಾಲ್ಕು ವರ್ಷದ ಸೇವೆ, ಆಮೇಲೆ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕಾಯಂ. ಸೇರಿದ ಮೇಲೆ ಪುಸ್ತಕ ಮುಚ್ಚಿಡುವ ಕಾಲ ಮುಗಿಯಿತು ಎಂದೇ ಇದರ ಅರ್ಥ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗರಿಗೆ ದೊಡ್ಡ ಅಂಜಿಕೆ ಇಂಗ್ಲಿಷಿನದು. ಆದರೆ ಇವರೇ ಹಿಂದಿಯ ಗಂಧವಿಲ್ಲದೆ ಹೋಗಿ, ಡ್ರಿಲ್ ಮೈದಾನದ ಬೈಗುಳ ಕೇಳುತ್ತಲೇ ಕೆಲವೇ ತಿಂಗಳಲ್ಲಿ ಹಿಂದಿ ಕಲಿತವರು. ಇಂಗ್ಲಿಷಿಗೂ ಅಷ್ಟೇ ಹಟ ಸಾಕು. ಪಲ್ಟನ್ನಿನಲ್ಲಿ ಎಜುಕೇಷನ್ ಕೋರಿನ ಸಾಬ್ ಒಬ್ಬರು ಸಿಕ್ಕರೆ ಎ.ಸಿ.ಸಿ. ಪರೀಕ್ಷೆ ಯಾವಾಗ, ಪುಸ್ತಕ ಯಾವುದು ಎಂದು ಅವರನ್ನೇ ಕೇಳಬಹುದು. ಮಗ ಸೇರಿ ಎರಡು ವರ್ಷವಾಗುತ್ತಿದ್ದಂತೆ ಮನೆಯವರೂ ಫೋನಿನಲ್ಲಿ ಊಟ ಆಯ್ತಾ, ರಜೆ ಯಾವಾಗ ಎಂದು ಕೇಳುವುದರ ಜೊತೆಗೆ, ಆ ಅರ್ಜಿ ಹಾಕಿದೆಯೇನಪ್ಪ ಎಂದು ಕೇಳಲಿ. ಅವನ ಪಿಯುಸಿ ಅಂಕಪಟ್ಟಿಯನ್ನು ಬೀರುವಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿರಲಿ, ಅರ್ಜಿಯ ಜೊತೆ ಅದು ಬೇಕಾಗುತ್ತದೆ.