ಹಳ್ಳದ ಕರಿಮರಳು ಕಬ್ಬಿಣವಾಗುತ್ತಿದ್ದ ಕಾಲ

ಜೋರು ಮಳೆ ಸುರಿದು ನಿಂತ ಮೇಲೆ ಮಧುಗಿರಿ, ಕೊರಟಗೆರೆ ಕಡೆಯ ಹಳ್ಳಗಳಿಗೆ ಇಳಿದು ನೋಡಿ. ನೀರು ಹರಿದ ಜಾಡಿನಲ್ಲಿ, ಬಿಳಿ ಮರಳಿನ ಮೇಲೆ ಕಾಡಿಗೆ ಎಳೆದಂತೆ ಕಪ್ಪು ಗೆರೆಗಳು ಮೂಡಿರುತ್ತವೆ. ಹಳೆಯ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ಅದರ ಮೇಲೆ ಆಡಿಸಿದರೆ ಮೈತುಂಬ ಕಪ್ಪು ಹುಡಿ ಮೆತ್ತಿಕೊಳ್ಳುತ್ತದೆ. ಮಕ್ಕಳಿಗೆ ಅದು ಆಟ. ಇನ್ನೂರು ವರ್ಷಗಳ ಹಿಂದೆ ಇದೇ ಹುಡಿ ಈ ಸೀಮೆಯ ರೈತನ ನೇಗಿಲಿಗೆ ಗುಳವಾಗುತ್ತಿತ್ತು.

ಈ ಹುಡಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು. ಮಾಗಡಿಯಿಂದ ಮಧುಗಿರಿ, ಪಾವಗಡದವರೆಗೆ ಸಾಲಾಗಿ ನಿಂತಿರುವ ಬೋಳುಬಂಡೆಯ ಬೆಟ್ಟಗಳ ಕಲ್ಲಿನಲ್ಲಿ ಇದು ಸಣ್ಣ ಸಣ್ಣ ಕಣಗಳಾಗಿ ಅಡಗಿರುತ್ತದೆ. ಬಿಸಿಲು ಮಳೆಗೆ ಬಂಡೆ ಸವೆದು ಉದುರಿದಾಗ ಕಣಗಳೂ ಬಿಡುಗಡೆಯಾಗಿ ಹಳ್ಳ ಸೇರುತ್ತವೆ. ಬಿಳಿ ಮರಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ತೂಕ ಇದಕ್ಕೆ. ಹಾಗಾಗಿ ಹಗುರ ಮರಳನ್ನು ನೀರು ಮುಂದಕ್ಕೆ ಒಯ್ದರೆ, ಕಪ್ಪು ಕಣಗಳು ತಿರುವಿನಲ್ಲಿ, ಕಲ್ಲಿನ ಮರೆಯಲ್ಲಿ ಕೆಳಗೇ ಉಳಿಯುತ್ತವೆ. ಅದಿರನ್ನು ಅಗೆಯುವ, ಒಡೆಯುವ, ಕುಟ್ಟುವ ಕೆಲಸವನ್ನೆಲ್ಲ ಬೆಟ್ಟವೂ ಮಳೆಯೂ ಸೇರಿ ಮುಗಿಸಿಕೊಡುತ್ತಿದ್ದವು.

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಇದನ್ನೆಲ್ಲ ಕಂಡು ಬರೆದಿಟ್ಟಿದ್ದಾನೆ. ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಹಾಗಲವಾಡಿ, ದೇವರಾಯನದುರ್ಗದ ಕಡೆ ಗುಡ್ಡದ ಕಲ್ಲಿನಿಂದ ಕಬ್ಬಿಣ ತೆಗೆದರೆ, ಮಧುಗಿರಿ ಮತ್ತು ಚನ್ನರಾಯನದುರ್ಗದ ಸೀಮೆಯಲ್ಲಿ ಮುಖ್ಯವಾಗಿ ಮಳೆನೀರು ಹೊತ್ತು ತರುವ ಕರಿಮರಳಿನಿಂದಲೇ ತೆಗೆಯುತ್ತಾರೆ ಎಂದು ಅವನು ದಾಖಲಿಸುತ್ತಾನೆ. ಮಳೆಗಾಲದ ನಾಲ್ಕು ತಿಂಗಳಲ್ಲಿ ನಾಲ್ಕು ಜನ ಕೂಡಿಹಾಕಿದ ಮರಳು, ಒಂದು ಕುಲುಮೆಗೆ ವರ್ಷದ ಉಳಿದ ದಿನಗಳಿಗೆಲ್ಲ ಸಾಕಾಗುತ್ತಿತ್ತಂತೆ. ಈ ಒಂದು ಮಾತಿನಲ್ಲಿ ಆ ಕಸುಬಿನ ಇಡೀ ಲೆಕ್ಕಾಚಾರ ಇದೆ. ಮಳೆಯನ್ನು ನೆಚ್ಚಿಕೊಂಡದ್ದು ಬೇಸಾಯ ಮಾತ್ರವಲ್ಲ, ಇಲ್ಲಿನ ಕಬ್ಬಿಣವೂ ಮಳೆಯ ಬೆಳೆಯೇ ಆಗಿತ್ತು.

ತಂದ ಮರಳನ್ನು ನೀರಿನಲ್ಲಿ ತೊಳೆದು ಮಣ್ಣು, ಬಿಳಿ ಮರಳು ಬೇರೆ ಮಾಡಬೇಕು. ಆಮೇಲೆ ಮಣ್ಣಿನ ಕುಲುಮೆ, ಇದ್ದಿಲು, ಚರ್ಮದ ತಿದಿ. ಕಬ್ಬಿಣ ಕರಗಿ ನೀರಾಗಲು 1,538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಊರಿನ ಕುಲುಮೆಯಲ್ಲಿ ಅಷ್ಟು ಹುಟ್ಟುತ್ತಿರಲಿಲ್ಲ. ಆದರೆ ಕರಗಿಸುವ ಅಗತ್ಯವೂ ಇರಲಿಲ್ಲ. ಇದ್ದಿಲು ಉರಿದು ಹುಟ್ಟುವ ಅನಿಲವೇ ಅದಿರಿನಲ್ಲಿರುವ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಕಲ್ಮಶ ಕಿಟ್ಟವಾಗಿ ಕರಗಿ ಇಳಿಯುತ್ತದೆ, ತೂತುತೂತಾದ ಕಬ್ಬಿಣದ ಮುದ್ದೆ ಉಳಿಯುತ್ತದೆ. ಅದನ್ನು ಕೆಂಪಗೆ ಕಾಯಿಸಿ ಬಡಿದು ಬಡಿದು ಗಟ್ಟಿ ಮಾಡಿದರೆ ಗುಳ, ಗುದ್ದಲಿ ಮಾಡಲು ತಯಾರು.

ಉಕ್ಕಿನ ಕೆಲಸ ಇನ್ನೂ ನಾಜೂಕಿನದು. ಹಸಿಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಆವರಿಕೆ ಎಂದೂ ಕರೆಯುವ ತಂಗಡಿ ಗಿಡದ ಕಡ್ಡಿ, ಮೇಲೆ ಎರಡು ಹಸಿ ಎಲೆ ಇಟ್ಟು, ಮಣ್ಣಿನ ಮುಚ್ಚಳ ಮೆತ್ತಿ, ಇಂಥ ಹದಿನೈದು ಮೂಸೆಗಳನ್ನು ಒಟ್ಟಿಗೆ ಬೆಂಕಿಗೆ ಜೋಡಿಸುತ್ತಿದ್ದರು. ಕಡ್ಡಿ, ಎಲೆ ಸುಟ್ಟು ಹುಟ್ಟಿದ ಇಂಗಾಲ ಕಬ್ಬಿಣದೊಳಕ್ಕೆ ಸೇರಿದಾಗ ಅದು ಕಡಿಮೆ ಶಾಖಕ್ಕೇ ಕರಗುತ್ತದೆ. ಗಾಳಿಯಾಡದಂತೆ ಮುಚ್ಚಿದ್ದರಿಂದ ಇಂಗಾಲ ನಷ್ಟವಾಗುತ್ತಿರಲಿಲ್ಲ. ಹೀಗೆ ದಕ್ಷಿಣ ಭಾರತದಲ್ಲಿ ತಯಾರಾಗುತ್ತಿದ್ದ ಉಕ್ಕಿನ ಗುಟ್ಟೇನು ಎಂದು ಲಂಡನ್ನಿನಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ 1819ರ ಸುಮಾರಿಗೆ ಪರೀಕ್ಷೆಗೆ ಕೂತಿದ್ದ. ಬೇಲಿಯ ಬದಿಯ ತಂಗಡಿಯಲ್ಲಿ ಉಕ್ಕಿನ ಹದ ಕಂಡುಕೊಂಡವರು ಅಕ್ಷರ ಬಲ್ಲವರಿರಲಿಕ್ಕಿಲ್ಲ, ಆದರೆ ಅವರ ವಿದ್ಯೆ ಸಣ್ಣದಲ್ಲ.

ಇವತ್ತು ಮರಳಿನಲ್ಲಿ ಲೋಹ ಹುಡುಕುವುದೆಂದರೆ ಮೆಟಲ್ ಡಿಟೆಕ್ಟರ್. ಕಡಲ ದಂಡೆಯಲ್ಲಿ ಕಳೆದುಹೋದ ಉಂಗುರ, ನಾಣ್ಯಗಳನ್ನು ಇದರಿಂದ ಹುಡುಕುವ ಹವ್ಯಾಸ ಹೊರದೇಶಗಳಲ್ಲಿ ದೊಡ್ಡದಾಗಿ ಬೆಳೆದಿದೆ. ಆ ಹವ್ಯಾಸಿಗಳನ್ನು ಕಾಡುವುದು ಎರಡೇ: ಉಪ್ಪುನೀರು ಮತ್ತು ಕರಿಮರಳು. ಯಂತ್ರದ ಸುರುಳಿ ನೆಲಕ್ಕೆ ಕಾಂತಕ್ಷೇತ್ರ ಹಾಯಿಸುತ್ತದೆ. ಲೋಹ ಸಿಕ್ಕರೆ ಅದರಲ್ಲಿ ವಿದ್ಯುತ್ ಸುಳಿ ಎದ್ದು ಯಂತ್ರ ಕೂಗುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುವುದರಿಂದ ಒದ್ದೆ ಮರಳಿನಲ್ಲೂ ವಿದ್ಯುತ್ ಹರಿದು, ಏನೂ ಇಲ್ಲದಲ್ಲೂ ಕೂಗು ಕೇಳಿಸುತ್ತದೆ. ಮ್ಯಾಗ್ನೆಟೈಟ್ ಇದ್ದರಂತೂ ಕಾಂತಕ್ಷೇತ್ರವೇ ಕದಡುತ್ತದೆ. ಇದಕ್ಕೆ ಪರಿಹಾರವಾಗಿ ಬಂದವು ಪಲ್ಸ್ ಯಂತ್ರಗಳು. ಅವು ಒಂದು ಮಿಡಿತ ಕಳಿಸಿ ಕೆಲವು ಮೈಕ್ರೊಸೆಕೆಂಡ್ ಕಾಯುತ್ತವೆ. ಅಷ್ಟರಲ್ಲಿ ಉಪ್ಪಿನ ಸದ್ದು ಅಡಗಿರುತ್ತದೆ, ಲೋಹದ್ದು ಉಳಿದಿರುತ್ತದೆ. ಆದರೆ ಚಿನ್ನ ಯಾವುದು, ಮೊಳೆ ಯಾವುದು ಎಂಬ ಭೇದ ಅವಕ್ಕೆ ಸರಿಯಾಗಿ ತಿಳಿಯುವುದಿಲ್ಲ.

ಯಂತ್ರಕ್ಕೆ ಕಾಟ ಕೊಡುವ ಆ ಎರಡೂ ಬಯಲುಸೀಮೆಯ ಜನರಿಗೆ ಅನ್ನ ಕೊಟ್ಟಿವೆ. ಕರಿಮರಳಿನ ಕಥೆ ಆಯಿತು. ಉಪ್ಪಿನದೂ ಹಾಗೆಯೇ. ಕಡಲು ದೂರವಿರುವ ಮೈಸೂರು ಸೀಮೆಯ ಒಣಭಾಗಗಳಲ್ಲಿ ಉಪ್ಪಾರರು ಬೇಸಿಗೆಯಲ್ಲಿ ಚೌಳುಮಣ್ಣು ಕೆರೆದು, ನೀರಿನಲ್ಲಿ ಕದಡಿ ಸೋಸಿ, ಬಿಸಿಲಿಗಿಟ್ಟು ಉಪ್ಪು ತೆಗೆಯುತ್ತಿದ್ದರು.

ಎರಡು ಕಸುಬೂ ಹೋದವು. ಹಡಗಿನಲ್ಲಿ ಬಂದ ಅಗ್ಗದ ಕಬ್ಬಿಣ ರೈಲು ಹತ್ತಿ ಒಳನಾಡು ತಲುಪಿತು. ಇದ್ದಿಲಿಗೆ ಕಾಡೂ ಸಿಗದಾಯಿತು. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಶುರುವಾದಾಗ ಮೈಸೂರಿನ ಕಬ್ಬಿಣಕ್ಕೆ ಹೊಸ ಯುಗ ಬಂತೆಂದು ಸಂಭ್ರಮಿಸಿದೆವು, ಅದು ಸರಿಯೇ. ಹಳೆಯ ಕುಲುಮೆಗಳು ಮಾತ್ರ ಮರೆತುಹೋದವು.

ಮಧುಗಿರಿ, ಮಿಡಿಗೇಶಿ, ಪಾವಗಡದ ಕೋಟೆಗಳಾಗಲಿ, ಶಿರಾದ ಹಳೆಯ ಗೋರಿ ಮಸೀದಿಗಳಾಗಲಿ ಡಿಟೆಕ್ಟರ್ ಹಿಡಿದು ನಿಧಿ ಅಗೆಯುವ ಜಾಗಗಳಲ್ಲ. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು ಕಾನೂನಿದೆ. ಈ ಸೀಮೆಯ ನಿಜವಾದ ನಿಧಿ ಆ ಹಳೆಯ ಕುಲುಮೆಗಳು ಬಿಟ್ಟುಹೋದ ಕಪ್ಪು ಕಿಟ್ಟದ ತುಂಡುಗಳು. ನಿಮ್ಮ ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಭಾರವಾದ, ಗುಳ್ಳೆಗುಳ್ಳೆಯಾದ ಕಪ್ಪು ಕಲ್ಲಿನ ರಾಶಿ ಕಂಡರೆ ಜೆಸಿಬಿ ತರಿಸಿ ಸಮ ಮಾಡುವ ಮುನ್ನ ಒಂದು ಫೋಟೊ ತೆಗೆದು, ಜಾಗ ಗುರುತು ಮಾಡಿ, ಊರಿನ ಶಾಲೆಯ ಮೇಷ್ಟ್ರಿಗೋ ಪುರಾತತ್ವ ಇಲಾಖೆಗೋ ತಿಳಿಸಿ.