ಬಂಡೆಯ ಮೇಲಿನ ದಿಗಂತ

ಮಳೆ ಹಿಂದೆಗೆದ ಮೇಲೆ ಮಲೆನಾಡಿನ ಹಳ್ಳಗಳು ತಿಳಿಯಾಗುತ್ತವೆ. ಚಪ್ಪಟೆ ಬಂಡೆಯೊಂದರ ಪಕ್ಕ ಕೂತಿದ್ದೇನೆ. ಮೇಲಂಚಿನಲ್ಲಿ ಪುಟ್ಟ ಮಡು. ಅಲ್ಲಿ ನೀರಿಗೆ ಆತುರವಿಲ್ಲ. ಅಂಚು ದಾಟಿದ್ದೇ ತಡ, ತೆಳ್ಳಗಾಗಿ ಓಡುತ್ತದೆ. ಕೆಳಗೊಂದು ಕಡೆ ಓಟ ಥಟ್ಟನೆ ಮುಗಿದು ನೀರು ಉಬ್ಬುತ್ತದೆ. ಆ ಉಬ್ಬು ಹರಿಯುವುದಿಲ್ಲ, ಇದ್ದಲ್ಲೇ ಇರುತ್ತದೆ.

ಮಡುವಿನಲ್ಲಿ ಬೆರಳದ್ದಿದರೆ ಅಲೆಯ ಉಂಗುರ ಸುತ್ತಲೂ ಹರಡುತ್ತದೆ. ತೆಳು ಹರಿವಿನಲ್ಲಿ ಅದ್ದಿದರೆ ಪೂರ್ತಿ ಕೆಳಕ್ಕೇ ಕೊಚ್ಚಿಹೋಗುತ್ತದೆ. ಒಂದು ಸೆಂಟಿಮೀಟರ್ ಆಳದಲ್ಲಿ ಉದ್ದಲೆಯ ವೇಗ ಸೆಕೆಂಡಿಗೆ ಸುಮಾರು 31 ಸೆಂ.ಮೀ.; ಹರಿವು ಅದನ್ನು ಮೀರಿತೆಂದರೆ ಅಲೆಗೆ ಮರಳುವ ದಾರಿಯಿಲ್ಲ. ಬೆಳಕಿನ ಪಾಲಿಗೆ ಕಪ್ಪುಕುಳಿಯ ದಿಗಂತವೂ ಇಂಥದ್ದೇ ಗಡಿ. ಕೆಳಗಿನ ಉಬ್ಬು ಇದರ ತಿರುಗುಮುರುಗು: ಹೊರಗಿನ ಅಲೆ ಅದನ್ನು ಹತ್ತಿ ಒಳಬರಲಾರದು. ತೀರಾ ಕಿರಿಯ ಸುಕ್ಕಲೆಗಳಿಗೆ ವೇಗ ಹೆಚ್ಚು. ಅವು ಕೆಲವೊಮ್ಮೆ ನುಸುಳಿಬಿಡುತ್ತವೆ. ಓರೆಬಿಸಿಲಿನಲ್ಲಿ ಕಾದು ನೋಡಿದರೆ ಕಾಣುತ್ತವೆ.

ನೀರಿಗೂ ಕಪ್ಪುಕುಳಿಗೂ ಇರುವ ಈ ಹೋಲಿಕೆ ಬರೀ ಉಪಮೆಯಲ್ಲ. ಹರಿಯುವ ದ್ರವದಲ್ಲಿ ಸದ್ದು ಸಾಗುವ ಸಮೀಕರಣವೂ ಬಾಗಿದ ದೇಶಕಾಲದಲ್ಲಿ ಅಲೆ ಸಾಗುವ ಸಮೀಕರಣವೂ ಒಂದೇ ರೂಪದವು ಎಂದು ಭೌತವಿಜ್ಞಾನಿ ವಿಲಿಯಂ ಅನ್ರೂ 1981ರಲ್ಲಿ ತೋರಿಸಿದರು.

ತರಗೆಲೆಯೊಂದು ಬಂದು ಉಬ್ಬಿಗೆ ಬಡಿಯಿತು. ಉಬ್ಬು ಅಲುಗಿತು, ತುಸು ಹಿಂದೆ ಮುಂದೆ ತೂಗಿತು, ಮತ್ತೆ ಮೊದಲಿನ ಜಾಗಕ್ಕೇ ಬಂತು. ಕದಡಿದ್ದು ಬೆಳೆಯುತ್ತದೆಯೋ ಅಡಗುತ್ತದೆಯೋ ಎಂಬುದೇ ಸ್ಥಿರತೆಯ ಪ್ರಶ್ನೆ. ಇದನ್ನೇ ಕಪ್ಪುಕುಳಿಗೆ ಕೇಳಿದವರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ. ತಿರುಗದ ಕಪ್ಪುಕುಳಿಯನ್ನು ತುಸು ಕದಡಿದರೂ ಅದು ಉಳಿಯುತ್ತದೆ ಎಂದು 1970ರಲ್ಲಿ ಬರೆದರು. ಗುರುತ್ವದ ಅಲೆಯೊಂದು ಬಡಿದರೆ ಕಪ್ಪುಕುಳಿ ತನ್ನದೇ ಸ್ಥಾಯಿಯಲ್ಲಿ ಮೊಳಗಿ ಕ್ರಮೇಣ ತಣಿಯುತ್ತದೆ ಎಂಬುದನ್ನೂ ಅದೇ ವರ್ಷ ಲೆಕ್ಕದಿಂದ ಕಂಡರು. ಯಾರೂ ಕಪ್ಪುಕುಳಿಯನ್ನು ನೋಡಿರದ ಕಾಲದಲ್ಲಿ ಅದರ ದನಿಯನ್ನು ಊಹಿಸಿದ ಆ ಕೆಲಸ ನನಗೆ ಎಲ್ಲಕ್ಕಿಂತ ದೊಡ್ಡದು. 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆಗಳನ್ನು ಪತ್ತೆಹಚ್ಚುವ ಲೈಗೊ ವೀಕ್ಷಣಾಲಯ ಹಿಡಿದ ಅಲೆಯ ಕೊನೆಯ ತುದಿ ಆ ಮೊಳಗಿಗೆ ಹೊಂದುತ್ತಿತ್ತು. ನಾಟಿಂಗ್ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು ತೊಟ್ಟಿಯಲ್ಲಿ ಬಸಿಯುವ ನೀರಿನ ಸುಳಿಯಲ್ಲೂ ಅಂಥದ್ದೇ ಮೊಳಗನ್ನು ಅಳೆದು 2020ರಲ್ಲಿ ಪ್ರಕಟಿಸಿದರು.

ನಿಮ್ಮೂರಿನ ಹಳ್ಳ ತಿಳಿಯಾದಾಗ ಹೋಗಿ ನೋಡಿ. ಮಕ್ಕಳನ್ನೂ ಕರೆದೊಯ್ಯಿರಿ, ಬೆರಳದ್ದಲು ಬಿಡಿ.